ಗೊಂಡೊಲಿನ್ ಪ್ರಸಂಗ ಮೂರನೇ ಸಲಕ್ಕೆ ಗೆದ್ದು ನಿಂತಿತು

“ಶಾಪ ಅಂತ ಮೊದಲೇ ಹೇಳಿದ ಮೇಲೆ ಮಾತಾಡೋಕೆ ಎಂತ ಉಳೀತು ಮಾರಾಯಾ?” ಪೀಠಿಕೆಯಲ್ಲೇ ಶಾಪ ಹೇಳಿದ್ದ ಪ್ರಸಂಗದ ಪ್ರತಿ ಕೈಗೆ ಕೊಟ್ಟಾಗ, ಪದ್ಯ ಹಾಡುವ ನಮ್ಮ ಭಾಗವತರು ಕೇಳಿದ್ದು ಇದನ್ನೇ. ಇಂಗ್ಲಿಷ್ ಲೇಖಕ ಟೋಲ್ಕಿನ್ ಕಥೆಯ ಗೊಂಡೊಲಿನ್ ಎಂಬ ಎಲ್ಫ್ ರಾಜ್ಯ ಬೀಳುವುದನ್ನು ತಾಳಮದ್ದಳೆಗೆ (ವೇಷ, ಕುಣಿತ ಇಲ್ಲದೆ ಕೂತು ಪದ್ಯ, ಮಾತಿನಲ್ಲೇ ನಡೆಸುವ ಯಕ್ಷಗಾನ) ತರುತ್ತೇನೆ ಅಂದಾಗ ಸಾಗರದ ಕಡೆ ನಕ್ಕವರೇ ಜಾಸ್ತಿ. ಹೋದ ಮಳೆಗಾಲದಲ್ಲಿ ಪ್ರಸಂಗ ಗೆದ್ದು ನಿಂತಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಕೂಟ ಗೆಳೆಯರ ಮನೆ ಜಗಲಿಯಲ್ಲಿ. ಎಲ್ಫ್‌ಗಳನ್ನು ಕಿನ್ನರರು ಅಂತ ಮಾಡಿಕೊಂಡಿದ್ದೆ, ಅದು ಸರಿಹೋಯಿತು. ಆದರೆ ರಾಜ ಟುರ್ಗೊನ್‌ನ ಹೆಸರನ್ನು ತಾಳಕ್ಕೆ ಕೂರಿಸಲು ಹೋಗಿ ‘ತುರಗ’ ಮಾಡಿಬಿಟ್ಟಿದ್ದೆ. ಭಾಗವತರು “ತುರಗನು ಸಭೆಗೆ ಬಂದು” ಅಂತ ಎತ್ತಿದ್ದೇ ತಡ, ಹಿಂದಿನಿಂದ ಯಾರೋ ಕುದುರೆಯ ಹಾಗೆ ಕೆನೆದರು. ಅಲ್ಲಿಗೆ ಮುಗಿಯಿತು. ಹಿಮ್ಮೇಳದ ಸಂಭಾವನೆ 7 ಸಾವಿರದ ಹತ್ತಿರ, ಮೈಕಿಗೆ 1,500, ಊಟ ಬೇರೆ. ತಟ್ಟೆಗೆ ಬಿದ್ದದ್ದು 800ಓ 900ಓ. ಉಳಿದದ್ದು ನನ್ನ ಅಡಿಕೆ ದುಡ್ಡು. ಮನೆಯಲ್ಲಿ ಈಗಲೂ ನೆನಪಿಸುತ್ತಾರೆ.

ಆಮೇಲೆ ಪದ್ಯದಿಂದ ಹೆಸರುಗಳನ್ನೇ ಕಿತ್ತೆ. ಗಿರಿದುರ್ಗದರಸ, ಸೋದರಳಿಯ, ಕಡಲೊಡೆಯನ ದೂತ, ಅಷ್ಟೇ. ಹೆಸರು ಅರ್ಥದಲ್ಲಿ, ಅಂದರೆ ಪದ್ಯದ ಮೇಲೆ ಆಡುವ ಮಾತಿನಲ್ಲಿ ಮಾತ್ರ.

ಎರಡನೇ ಸಲ ಕೈಕೊಟ್ಟವನು ಮೈಗ್ಲಿನ್. ಮೂಲದಲ್ಲಿ ಅವನು ದ್ರೋಹಿ. ರಾಜನ ತಂಗಿಯ ಮಗ, ರಾಜನ ಮಗಳು ಇಡ್ರಿಲ್ ಮೇಲೆ ಮನಸ್ಸು, ಅವಳು ಕೈಹಿಡಿದದ್ದು ಹೊರಗಿನಿಂದ ಬಂದ ಮನುಷ್ಯ ಟುವೋರ್‌ನನ್ನು, ಸೆರೆ ಸಿಕ್ಕಾಗ ಗುಟ್ಟಿನ ಊರು ಎಲ್ಲಿದೆ ಅಂತ ಎಲ್ಫ್‌ಗಳ ಶತ್ರು ಮಾರ್ಗೊತ್‌ಗೆ ಹೇಳಿಬಿಟ್ಟ. ಎಲ್ಫ್‌ಗಳಲ್ಲಿ ಅಷ್ಟು ಹತ್ತಿರದ ನೆಂಟರಲ್ಲಿ ಮದುವೆ ಇಲ್ಲ. ನಮ್ಮ ಕಡೆ? ಊಟಕ್ಕೆ ಕೂತಾಗ ಒಬ್ಬ ಅಜ್ಜಿ, “ಸೋದರಳಿಯನಿಗೆ ಕೊಡದೆ ಎಲ್ಲಿಂದಲೋ ಬಂದವನಿಗೆ ಮಗಳನ್ನು ಕೊಟ್ಟರೆ ಊರು ಉಳಿಯುತ್ತಾ ತಮ್ಮಾ?” ಅಂದರು. ಬಡಿಸುವವರೂ ಹೌದೆಂದರು. ದ್ರೋಹಿಯ ಪರ ಇಡೀ ಪಂಕ್ತಿ!

ಎರಡು ವಾರ ಪ್ರತಿ ಮುಟ್ಟಲಿಲ್ಲ. ಕೊನೆಗೆ ಅಜ್ಜಿಯ ಮಾತನ್ನೇ ತೆಗೆದು ಮೈಗ್ಲಿನ್ ಬಾಯಿಗೆ ಹಾಕಿದೆ. ರಾಜನ ನೋಲ್ಡೋರ್ ಕುಲದ ಮೇಲಿದ್ದ, ವಿಧಿ ನುಡಿಯುವ ದೇವತೆ ಮಾಂಡೋಸ್‌ನ ಶಾಪವನ್ನು ಪೀಠಿಕೆಯಿಂದ ಕಿತ್ತು ಟುರ್ಗೊನ್‌ಗೆ ಕೊಟ್ಟೆ. ಅದನ್ನು ಭಾಗವತರು ಹಾಡಿದರೆ ವಿಧಿ, ರಾಜನೇ ಆಡಿದರೆ ನೆಪ. ಕರ್ಣನಿಗೂ ಶಾಪ ಇತ್ತು, ಆದರೂ ರಾತ್ರಿಯಿಡೀ ಮಾತಾಡ್ತೀವಿ ಅಲ್ವಾ?

ನಡುವೆ ಟೋಲ್ಕಿನ್‌ನ ಇನ್ನೊಂದು ಎಲ್ಫ್ ರಾಜ್ಯ ನಾರ್ಗೊಥ್ರಾಂಡನ್ನೂ ಮಾಡಿ ನೋಡಿದೆ. ಅದು ಬಿದ್ದದ್ದು ಆ ಕಥೆಗಳ ಮೊದಲ ಯುಗದ 495ರಲ್ಲಿ, ಗೊಂಡೊಲಿನ್‌ಗಿಂತ 15 ವರ್ಷ ಮೊದಲು. ಅಲ್ಲಿ ಬಂದು ಸೇರಿದ ಮನುಷ್ಯ ವೀರ ಟೂರಿನ್ ಹೊಳೆಗೆ ದೊಡ್ಡ ಸೇತುವೆ ಕಟ್ಟಿಸಿದ. ಕೆಡವಿ ಅಂತ ಎಚ್ಚರಿಕೆ ಬಂದರೂ ಕೇಳಲಿಲ್ಲ. ಶತ್ರು ಬಂದಾಗ ಕೆಡವಲು ಹೊತ್ತಿರಲಿಲ್ಲ. ಅಡಿಕೆ ಮರದ ಕಾಲುಸಂಕ ಆಗಿದ್ದರೆ ಇಬ್ಬರು ಎಳೆದು ಹಾಕುತ್ತಿದ್ದರು ಅಂದೆ, ಜನ ನಕ್ಕರು. ಆದರೆ ಅಲ್ಲಿನ ರಾಜ ಒರೊಡ್ರೆತ್ ಎಲ್ಲದಕ್ಕೂ ಟೂರಿನ್ ಹೇಳಿದ ಹಾಗೆ ಆಗಲಿ ಅನ್ನುವವನು. ಎದುರಾಳಿಯೇ ಇಲ್ಲದೆ ತಾಳಮದ್ದಳೆ ಹೇಗೆ? ಅರ್ಧಕ್ಕೆ ಬಿಟ್ಟೆ.

ಮೂರನೇ ಕೂಟದಲ್ಲಿ ನಾನೇ ದೂತ ಟುವೋರ್. ಸಂಧಾನದ ಕೃಷ್ಣನ ಹಾಗೆ ನಿಧಾನ ಶುರು ಮಾಡಿದೆ. “ಈ ಊರನ್ನು ಒಂದು ದಿನ ಬಿಡಬೇಕಾಗುತ್ತದೆ, ಆಗ ಬರುವ ದೂತನ ಗುರುತಿಗೆ ಕವಚ, ಕತ್ತಿ ಇಟ್ಟು ಹೋಗು ಅಂತ ಕಡಲೊಡೆಯ ಉಲ್ಮೊ ಅಂದೇ ಹೇಳಿದ್ದ. ನೀನು ಇಟ್ಟು ಬಂದ ಕವಚವೇ ನನ್ನ ಮೈಮೇಲಿದೆ. ಇದರಲ್ಲಿ ವಿಧಿ ಎಲ್ಲಿ ಬಂತು, ಮಹಾರಾಜ?”

ಎದುರಿಗಿದ್ದವರು ಪಳಗಿದ ಅರ್ಥಧಾರಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ಶಾಲು ಸರಿಮಾಡಿಕೊಂಡು, “ಕವಚ ಬಿಟ್ಟಷ್ಟು ಸುಲಭವೇನಯ್ಯಾ ಊರು ಬಿಡುವುದು?” ಅಂದರು. 1964ರ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಲ್ಲಿ ಮನೆ, ತೋಟ ಬಿಟ್ಟು ಬಂದ ಮನೆಯವರು ಸಭೆಯಲ್ಲಿದ್ದರು. ಒಬ್ಬರೂ ಕೆಮ್ಮಲಿಲ್ಲ. ನನ್ನ ಮುಂದಿನ ಮಾತು ನನಗೇ ಮರೆತುಹೋಯಿತು. ಭಾಗವತರು ಪದ್ಯ ಎತ್ತಿ ಉಳಿಸಿದರು.

ಆದರೂ ತಪ್ಪು ರಾಜನದ್ದೇ ಅನ್ನುವುದು ನನ್ನ ಪಕ್ಷ. ಇಡ್ರಿಲ್ ಗುಟ್ಟಾಗಿ ಸುರಂಗ ತೋಡಿಸಿದ್ದಳು, ಊರು ಬಿದ್ದಾಗ ಜೀವ ಉಳಿದವರು ಉಳಿದದ್ದು ಅದರಿಂದ. ಅವಳಿಗೂ ಅದೇ ಶಾಪ ತಾನೇ?

ಒಂದು ಕಡೆ ಮಾತ್ರ ಶಾಪವನ್ನು ಭಾಗವತರಿಗೇ ಬಿಟ್ಟೆ. ಮೈಗ್ಲಿನ್‌ನ ಅಪ್ಪನನ್ನು ಗೊಂಡೊಲಿನ್ ಪ್ರಪಾತಕ್ಕೆ ದೂಡಿದಾಗ, ನೀನೂ ಹೀಗೇ ಸಾಯ್ತೀಯ ಅಂತ ಅವನು ಮಗನಿಗೆ ಶಪಿಸಿದ್ದ. ಕಡೆಗೆ ಟುವೋರ್ ಮೈಗ್ಲಿನ್‌ನನ್ನು ಎತ್ತಿ ಎಸೆಯುತ್ತಾನೆ. ಆ ಪದ್ಯಕ್ಕೆ ಯಾವ ರಾಗ, ಮದ್ದಳೆ ಎಲ್ಲಿ ನಿಲ್ಲಿಸಿದೆವು ಅಂತ ಇಲ್ಲಿ ಬರೆಯಲ್ಲ. ಬಂದು ಕೇಳಿ.

ತಟ್ಟೆಗೆ 9 ಸಾವಿರ ಚಿಲ್ಲರೆ ಬಿತ್ತು. ಅಜ್ಜಿ ಈ ಸಲವೂ ಬಂದಿದ್ದರು. “ಅಳಿಯನಿಗೆ ಇನ್ನೆರಡು ಪದ್ಯ ಕೊಡಬಹುದಿತ್ತು” ಅಂತ ಹೇಳಿ ಚಪ್ಪಲಿ ಹುಡುಕಿಕೊಂಡು ಹೋದರು.