ಮುಂಬಯಿಯಲ್ಲಿ ‘ಶ್ಯಾಡೋಪ್ಯಾಕ್ಟ್’ ಸರಣಿಯನ್ನು ಪೂರ್ತಿಯಾಗಿ ಕೂಡಿಸುವ ಬಗೆ

ಕಾಮಿಕ್ಸ್ ಕೂಡಿಡುವ ಹವ್ಯಾಸಕ್ಕೆ ಹೊಸದಾಗಿ ಇಳಿಯುವವರು ನೂರಾರು ಸಂಚಿಕೆಗಳ ಮಹಾಸರಣಿಯ ಬೆನ್ನು ಹತ್ತದೆ, ಆಯುಷ್ಯ ಮುಗಿದ ಚಿಕ್ಕ ಸರಣಿಯೊಂದನ್ನು ಆರಿಸಿಕೊಳ್ಳುವುದು ಲೇಸು. ಡೀಸಿ ಕಾಮಿಕ್ಸ್‌ನ ‘ಶ್ಯಾಡೋಪ್ಯಾಕ್ಟ್’ ಇದಕ್ಕೆ ಹೇಳಿ ಮಾಡಿಸಿದಂತಿದೆ. 2006ರಲ್ಲಿ ಆರಂಭವಾಗಿ 2008ರಲ್ಲಿ ನಿಂತುಹೋದ ಈ ಮಾಸಿಕದ ಒಟ್ಟು ಸಂಚಿಕೆಗಳು 25 ಮಾತ್ರ. ಮಾಟಮಂತ್ರದ ಲೋಕವನ್ನು ಕಾಯುವ ಈ ತಂಡದಲ್ಲಿ ಪತ್ತೇದಾರಿಕೆ ನಡೆಸುವ ಚಿಂಪಾಂಜಿಯೂ ಖಡ್ಗಧಾರಿಯಾದ ಬಾರ್ ಮಾಲೀಕನೂ ಇದ್ದಾರೆ. ನನಗೆ ಎಲ್ಲರಿಗಿಂತ ಮೆಚ್ಚುಗೆಯಾದವನು ರ‍್ಯಾಗ್‌ಮನ್. ಅವನ ಉಡುಪು ನಮ್ಮ ಕಡೆಯ ಕೌದಿಯಂತೆ ಚೂರುಬಟ್ಟೆಗಳಿಂದ ಆದದ್ದು. ಒಂದೊಂದು ಚೂರಿನಲ್ಲೂ ಒಬ್ಬೊಬ್ಬ ಪಾಪಿಯ ಆತ್ಮ ಸೆರೆಯಾಗಿದೆ.

ಮೊದಲು ಓದುವ ಕ್ರಮವನ್ನು ಗೊತ್ತು ಮಾಡಿಕೊಳ್ಳಬೇಕು. ಈ ತಂಡ ಒಟ್ಟುಗೂಡಿದ್ದು 2005ರ ‘ಡೇ ಆಫ್ ವೆಂಜನ್ಸ್’ ಎಂಬ ಆರು ಸಂಚಿಕೆಗಳ ಕಿರುಸರಣಿಯಲ್ಲಿ. ಅದನ್ನೂ ‘ಶ್ಯಾಡೋಪ್ಯಾಕ್ಟ್’ನ ಬಹುಭಾಗವನ್ನೂ ಬರೆದವರು ಬಿಲ್ ವಿಲ್ಲಿಂಗ್‌ಹ್ಯಾಮ್, ಕೊನೆಯ ಭಾಗವನ್ನು ಬರೆದವರು ಮ್ಯಾಥ್ಯೂ ಸ್ಟರ್ಜಸ್. ಆರಂಭದ ಕಥೆಯಲ್ಲಿ ತಂಡವು ರಿವರ್‌ರಾಕ್ ಎಂಬ ಊರೊಳಗೆ ಕಾದಾಡಿ ಹೊರಬರುವಷ್ಟರಲ್ಲಿ ಹೊರಜಗತ್ತಿನಲ್ಲಿ ಒಂದು ವರ್ಷವೇ ಸರಿದಿರುತ್ತದೆ. ಆದ್ದರಿಂದ ಸಿಕ್ಕಿದ ಸಂಚಿಕೆಯನ್ನು ಸಿಕ್ಕಂತೆ ಓದತೊಡಗಿದರೆ ತಲೆಬುಡ ತಿಳಿಯುವುದಿಲ್ಲ.

ಸರಣಿಯು ನಾಲ್ಕು ಸಂಪುಟಗಳಲ್ಲಿ ಮರುಮುದ್ರಣವಾಗಿದೆ. ‘ದಿ ಪೆಂಟಕಲ್ ಪ್ಲಾಟ್’ ಎಂಬ ಮೊದಲ ಸಂಪುಟದಲ್ಲಿ 1ರಿಂದ 3 ಹಾಗೂ 5ರಿಂದ 8ನೆಯ ಸಂಚಿಕೆಗಳಿವೆ. 4ನೆಯದು ‘ಕರ್ಸ್ಡ್’ ಎಂಬ ಎರಡನೆಯ ಸಂಪುಟಕ್ಕೆ ಸೇರಿದೆ. ಇದನ್ನರಿಯದ ನಾನು, ಬೈಂಡಿಂಗಿನಲ್ಲಿ ಒಂದು ಸಂಚಿಕೆಯೇ ಬಿಟ್ಟುಹೋಗಿದೆಯೆಂದು ಭಾವಿಸಿ, ಮಾಟುಂಗದ ಕಿಂಗ್ಸ್ ಸರ್ಕಲ್ ಬಳಿಯ ಫುಟ್‌ಪಾತಿನ ವ್ಯಾಪಾರಿಯೊಡನೆ ಅರ್ಧ ತಾಸು ಜಗಳವಾಡಿದೆ. ಆತ ಪುಸ್ತಕವನ್ನು ಹಿಂದಕ್ಕೆ ಪಡೆದು ಹಣವನ್ನೂ ಮರಳಿಸಿದ. ಮೂರು ತಿಂಗಳ ನಂತರ ತಲೆ ತಗ್ಗಿಸಿಕೊಂಡು ಅದೇ ಪ್ರತಿಯನ್ನು ಅವನಿಂದಲೇ ಹೆಚ್ಚಿನ ಬೆಲೆಗೆ ಕೊಂಡು ತಂದೆ.

ಓದುವುದಷ್ಟೇ ಉದ್ದೇಶವಾದರೆ ಈ ನಾಲ್ಕು ಸಂಪುಟಗಳು ಸಾಕು. ಬಿಡಿ ಸಂಚಿಕೆಗಳೇ ಬೇಕೆನ್ನುವವರು ತಾಳ್ಮೆಯಿಂದ ಕಿಂಗ್ಸ್ ಸರ್ಕಲ್ ಮತ್ತು ಫ್ಲೋರಾ ಫೌಂಟನ್ ಬಳಿಯ ಹಳೆಯ ಪುಸ್ತಕಗಳ ರಾಶಿಯನ್ನು ಜಾಲಾಡಬೇಕು. ಬಳಿಯಿಲ್ಲದ ಸಂಚಿಕೆಗಳ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ, ಆದರೆ ವ್ಯಾಪಾರಿಯ ಮುಂದೆ ಅದನ್ನು ತೆಗೆಯಬೇಡಿ. ನಿಮಗೆ ಬೇಕಾದ ಸಂಚಿಕೆಯನ್ನು ಬೇರೆ ನಾಲ್ಕಾರರ ನಡುವೆ ಸೇರಿಸಿ, ಎಲ್ಲಕ್ಕೂ ಒಟ್ಟಿಗೆ ಬೆಲೆ ಕೇಳುವುದೇ ಜಾಣತನ.

ಹಣ ಕೊಡುವ ಮುನ್ನ ಪ್ರತಿಯನ್ನು ಪರೀಕ್ಷಿಸುವುದನ್ನು ಮರೆಯಬಾರದು. ಇಂಥ ಸಂಚಿಕೆಯ ಒಳಪುಟಗಳು ಸಾಮಾನ್ಯವಾಗಿ 32; ಅಂದರೆ ಮಡಚಿದ ಎಂಟು ಹಾಳೆಗಳನ್ನು ಎರಡು ಸ್ಟೇಪಲ್ ಪಿನ್ನುಗಳು ಹಿಡಿದಿರುತ್ತವೆ. ನಟ್ಟನಡುವಿನ ಹಾಳೆಯೇ ಮೊದಲು ಕಳಚಿಕೊಳ್ಳುವುದರಿಂದ ಸಂಚಿಕೆಯನ್ನು ಮಧ್ಯದಲ್ಲಿ ತೆರೆದು, ಆ ಹಾಳೆ ಪಿನ್ನಿನಲ್ಲಿ ಗಟ್ಟಿಯಾಗಿ ಕೂತಿದೆಯೇ ಎಂದು ಮೆಲ್ಲನೆ ಬೆರಳಾಡಿಸಿ ನೋಡಿ. ಅದು ಹೋಗಿದ್ದರೆ ನಾಲ್ಕು ಪುಟಗಳು ಒಮ್ಮೆಲೇ ಹೋದಂತೆ. ಪಿನ್ನಿನ ಸುತ್ತ ಕಂದು ಕಲೆ ಹಬ್ಬಿದ್ದರೆ ತುಕ್ಕು ಕಾಗದಕ್ಕೆ ಇಳಿದಿದೆಯೆಂದು ತಿಳಿಯಬೇಕು. ಕಡಲ ತೇವದ ಈ ಊರಿನಲ್ಲಿ ಅಂಥ ಪ್ರತಿಯನ್ನು ನಾನಂತೂ ಕೊಳ್ಳುವುದಿಲ್ಲ, ರಕ್ಷಾಪುಟ ಎಷ್ಟೇ ಹೊಳೆಯುತ್ತಿರಲಿ.

ಮನೆಗೆ ತಂದ ಪ್ರತಿಯನ್ನು ಆಮ್ಲರಹಿತ ರಟ್ಟಿನೊಡನೆ ಪಾಲಿಪ್ರೊಪಿಲೀನ್ ಚೀಲಕ್ಕೆ ಸೇರಿಸಿ, ಬಿಗಿ ಮುಚ್ಚಳದ ಡಬ್ಬದಲ್ಲಿ ನೆಟ್ಟಗೆ ನಿಲ್ಲಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬವನ್ನು ಹೊರಗೋಡೆಗೆ ತಾಗಿಸಬೇಡಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದು ತೇವವನ್ನು ಹೀರಿ ತುಂಬಿಕೊಂಡಿದೆ ಎಂದರ್ಥ. ಆಗ ಪೊಟ್ಟಣವನ್ನು ಬದಲಾಯಿಸಬೇಕು. ಮಳೆ ಪೂರ್ತಿ ನಿಂತ ಮೇಲೆ ಒಣಹವೆಯ ದಿನ ನೋಡಿ ಡಬ್ಬ ತೆರೆದು, 25 ಸಂಚಿಕೆಗಳ ಪಿನ್ನುಗಳನ್ನೂ ಒಂದೊಂದಾಗಿ ಪರಿಶೀಲಿಸಿ.