ಬೋರ್ಮಾ ಕೋಣೆಯ ಹಳೆ ಪಿಸಿಯಲ್ಲಿ ಲ್ಯಾಬ್‌ವ್ಯೂ ಇಎಕ್ಸ್‌ಇ ಓಡಿಸಿದ್ದು: ನನ್ನ ಅನುಭವ

ಕಾರ್ಕಳದ ಕಡೆಯ ಒಂದು ಗೇರುಬೀಜ ಕಾರ್ಖಾನೆಯಲ್ಲಿ ನಾನು ಹಾಕಿಕೊಟ್ಟ ಲ್ಯಾಬ್‌ವ್ಯೂ ಅಪ್ಲಿಕೇಶನ್ ಒಂದು ಇಡೀ ಮಳೆಗಾಲ ದಾಟಿತು. ಲ್ಯಾಬ್‌ವ್ಯೂ ಅಂದರೆ ಚಿತ್ರ ಬರೆದ ಹಾಗೆ ಪ್ರೋಗ್ರಾಂ ಬರೆಯುವ ತಂತ್ರಾಂಶ. ಅದು ಅಲ್ಲಿ ಇಲ್ಲ, ಓಡುವುದು ಅದರಿಂದ ಮಾಡಿದ ಇಎಕ್ಸ್‌ಇ (ನೇರವಾಗಿ ಓಡುವ ಪ್ರೋಗ್ರಾಂ) ಮಾತ್ರ. ಇರುವುದು ವಿಂಡೋಸ್ 7ರ ಒಂದು ಹಳೆ ಪಿಸಿ, ಎರಡು ಜಿಬಿ ರ್‍ಯಾಮ್, ಹಳದಿಗಟ್ಟಿದ ಚೌಕ ಮಾನಿಟರ್. "ಲ್ಯಾಬ್‌ವ್ಯೂ ಕಾಲೇಜಿನ ಲ್ಯಾಬ್‌ಗೆ ಸರಿ, ಫ್ಯಾಕ್ಟರಿಗೆ ಸ್ಕಾಡಾವೇ ಆಗಬೇಕು" ಎಂದು ಬೈಕಂಪಾಡಿಯ ನಮ್ಮದೇ ಫೀಲ್ಡಿನ ಮಿತ್ರರು ಹೇಳಿದ್ದರು. (ಸ್ಕಾಡಾ ಅಂದರೆ ಕಾರ್ಖಾನೆಯ ಯಂತ್ರಗಳ ಮೇಲೆ ಕಣ್ಣಿಡುವ ತಂತ್ರಾಂಶ.) ಹಾಗಾಗಿ ಇದನ್ನು ಬರೆಯಲೇಬೇಕು ಅನ್ನಿಸಿತು. ವಿಐ (ಲ್ಯಾಬ್‌ವ್ಯೂನ ಒಂದು ಪ್ರೋಗ್ರಾಂ ಫೈಲ್), ಸ್ಟೇಟ್ ಮೆಶಿನ್ (ಸ್ಥಿತಿಯಿಂದ ಸ್ಥಿತಿಗೆ ನಡೆಯುವ ಪ್ರೋಗ್ರಾಂ ರಚನೆ), ಮಾಡ್‌ಬಸ್ (ಕಂಟ್ರೋಲರ್‌ಗಳ ಜೊತೆ ಮಾತಾಡುವ ಭಾಷೆ) ಇವೆಲ್ಲ ಗೊತ್ತಿದ್ದವರಿಗೆ ಬರೆಯುತ್ತಿದ್ದೇನೆ, ಬುಡದಿಂದ ಹೇಳುವುದಿಲ್ಲ.

ಕೆಲಸ ಇಷ್ಟೇ. ಚಿಪ್ಪು ಬಿಡಿಸಿದ ಗೇರುಬೀಜವನ್ನು ಸಿಪ್ಪೆ ಸುಲಿಯಲು ಸುಲಭವಾಗಲಿ ಎಂದು ಬೋರ್ಮಾ ಎಂಬ ಬಿಸಿಗಾಳಿಯ ಒಲೆಯಲ್ಲಿ ಹೆಚ್ಚುಕಡಿಮೆ 70 ಡಿಗ್ರಿಯಲ್ಲಿ ಆರೇಳು ಗಂಟೆ ಒಣಗಿಸುತ್ತಾರೆ. ಒಂದು ಮೂಲೆಯಲ್ಲಿ ಶಾಖ ಏರಿದರೆ ಬೀಜ ಕಂದುಗಟ್ಟುತ್ತದೆ, ಬಿಳಿ ಡಬ್ಲ್ಯೂ 320 ದರ್ಜೆ ಆಗಬೇಕಾದ ಮಾಲು ಸ್ಕಾರ್ಚ್ಡ್ (ಕಂದಿದ) ಲೆಕ್ಕಕ್ಕೆ ಇಳಿಯುತ್ತದೆ, ಕಿಲೋಗೆ ಒಳ್ಳೆಯ ದುಡ್ಡು ಹೋಗುತ್ತದೆ. ಎಂಟು ಬೋರ್ಮಾಗಳಿಗೆ ಪಿಟಿ 100 ಎಂಬ ಶಾಖದ ಸೆನ್ಸರ್, ಎಂಟು ಟೆಂಪರೇಚರ್ ಕಂಟ್ರೋಲರ್, ಎಲ್ಲ ಆರ್‌ಎಸ್ 485 ಎಂಬ ಒಂದೇ ಸೀರಿಯಲ್ ಲೈನಿನ ಮೇಲೆ. ನಿಮಿಷಕ್ಕೊಂದು ಸಾಲು ಫೈಲಿಗೆ ಬೀಳಬೇಕು, ಮಿತಿ ದಾಟಿದರೆ ಹೂಟರ್ ಕೂಗಬೇಕು. ಸ್ಕಾಡಾದವರ ಕೊಟೇಶನ್ ಒಂದೂಮುಕ್ಕಾಲು ಲಕ್ಷದ ಹತ್ತಿರ ಇತ್ತು. ಕಂಟ್ರೋಲರ್‌ಗಳು ಆಗಲೇ ಇದ್ದುದರಿಂದ ನಾನು ಹೇಳಿದ್ದು ನಲವತ್ತೈದು ಸಾವಿರ.

ನನಗಿಂತ ಮೊದಲು ಇನ್ನೊಬ್ಬರು ಇದನ್ನು ಲ್ಯಾಬ್‌ವ್ಯೂನಲ್ಲೇ ಮಾಡಿದ್ದರು. ಅವರ ಲ್ಯಾಪ್‌ಟಾಪ್‌ನಲ್ಲಿ ಗ್ರಾಫ್ ಚೆನ್ನಾಗಿ ಓಡುತ್ತಿತ್ತಂತೆ. ಇಎಕ್ಸ್‌ಇ ಮಾಡಿ ಕಾರ್ಖಾನೆಯ ಪಿಸಿಗೆ ಹಾಕಿದಾಗ ಮುರಿದ ಬಾಣ ತೋರಿಸಿ ನಿಂತುಬಿಟ್ಟಿತು. ಪರದೆಯ ಮೇಲೆ ಬಂದ ಸಂದೇಶ ನಿಮಗೆಲ್ಲ ಪರಿಚಯವೇ: ಈ ವಿಐ ಓಡುವುದಿಲ್ಲ, ತಪ್ಪು ಸರಿಪಡಿಸಲು ಲ್ಯಾಬ್‌ವ್ಯೂನ ಫುಲ್ ಡೆವಲಪ್‌ಮೆಂಟ್ ವರ್ಶನ್ ಬೇಕು. ಧಣಿಗಳು ಅದನ್ನು ಓದಿ ನನ್ನನ್ನು ಕೇಳಿದ್ದು, "ಇದ್ರಲ್ಲಿ ಫುಲ್ ವರ್ಶನ್ ತಗೊಳ್ಳಿ ಅಂತ ಬರ್ತಾ ಉಂಟಲ್ಲ ಮಾರಾಯ್ರೆ, ಅದಕ್ಕಿನ್ನು ಎಷ್ಟು ಲಕ್ಷ ಆಗ್ತದೆ?"

ಆ ಸಂದೇಶ ಎಷ್ಟು ಜನರ ದಾರಿ ತಪ್ಪಿಸಿದೆಯೋ ಲೆಕ್ಕವಿಲ್ಲ. ಲೈಸೆನ್ಸಿಗೂ ಅದಕ್ಕೂ ಸಂಬಂಧವೇ ಇಲ್ಲ. ರನ್‌ಟೈಮ್ ಇಂಜಿನ್ (ಇಎಕ್ಸ್‌ಇ ಓಡಲು ಬೇಕಾದ ತಂತ್ರಾಂಶ) ಹಂಚಲು ದುಡ್ಡು ಕೊಡಬೇಕಾಗಿಲ್ಲ, ಅದು ಅಲ್ಲಿ ಇತ್ತು ಕೂಡ. ಇಲ್ಲದಿದ್ದುದು ವೀಸಾ, ಅಂದರೆ ಪೋರ್ಟಿನ ಮೂಲಕ ಉಪಕರಣಗಳ ಜೊತೆ ಮಾತಾಡಿಸುವ ಡ್ರೈವರ್ ತಂತ್ರಾಂಶ. ಸೀರಿಯಲ್ ಪೋರ್ಟಿನ ವಿಐಗಳು ಕೆಳಗೆ ವೀಸಾ ಡ್ರೈವರನ್ನು ಹುಡುಕುತ್ತವೆ. ಅದು ಸಿಗದಿದ್ದರೆ ಆ ಸಬ್‌ವಿಐ (ಒಳಗಿನ ವಿಐ) ಮುರಿದ ಹಾಗೆ, ಅದು ಮುರಿದರೆ ಮೇಲಿನ ಇಡೀ ಹೈರಾರ್ಕಿ ಮುರಿದ ಹಾಗೆ. ನಮ್ಮ ಯಂತ್ರದಲ್ಲಿ ಲ್ಯಾಬ್‌ವ್ಯೂ ಜೊತೆಗೇ ಎಲ್ಲ ಡ್ರೈವರ್ ಬಂದು ಕೂತಿರುವುದರಿಂದ ಇದು ಕಣ್ಣಿಗೆ ಬೀಳುವುದೇ ಇಲ್ಲ. ಹೊರಗಿನ ಪಿಸಿ ಅಂದರೆ ಬಾಡಿಗೆ ಮನೆ ಇದ್ದ ಹಾಗೆ, ಒಲೆಯಿಂದ ಕೊಡಪಾನದವರೆಗೆ ನಾವೇ ಹೊತ್ತುಕೊಂಡು ಹೋಗಬೇಕು.

ಆ ಹಳೆಯ ಪ್ರಾಜೆಕ್ಟನ್ನು ಹೊರಗಿನಿಂದ ರಿಪೇರಿ ಮಾಡಲು ನಾನು ಹೋಗಲಿಲ್ಲ. ಖಾಲಿ ವಿಐಯಿಂದ ಶುರುಮಾಡಿದೆ. ಮೊದಲ ಬಿಲ್ಡ್‌ನಲ್ಲಿ ಇದ್ದುದು ಒಂದು ವೈಲ್ ಲೂಪ್, ಒಂದು ಗಡಿಯಾರ, ಒಂದು ಸ್ಟಾಪ್ ಬಟನ್. ಅದನ್ನೇ ಇನ್‌ಸ್ಟಾಲರ್ ಮಾಡಿ ಕಾರ್ಕಳಕ್ಕೆ ಒಯ್ದು ಓಡಿಸಿದೆ. "ಗಡಿಯಾರ ತೋರಿಸಲಿಕ್ಕೆ ಪೆಟ್ರೋಲ್ ಸುಟ್ಟು ಕಾರ್ಕಳಕ್ಕೆ ಹೋಗ್ತಾರಾ?" ಎಂದು ಮಿತ್ರರೊಬ್ಬರು ನಕ್ಕರು. ಆದರೆ ಆ ಗಡಿಯಾರ ಓಡಿದ್ದರಿಂದ ರನ್‌ಟೈಮ್ ಸರಿ ಇದೆ, 32 ಬಿಟ್‌ಗೆ 32 ಬಿಟ್ ಹೊಂದಿದೆ, ವರ್ಶನ್ ಹೊಂದಿದೆ ಎಂದು ಆ ದಿನವೇ ಖಾತ್ರಿಯಾಯಿತು. ಆಮೇಲೆ ವೀಸಾ ಸೇರಿಸಿ ಒಂದು ಬಿಲ್ಡ್, ಒಂದೇ ಕಂಟ್ರೋಲರ್ ಓದಿ ಒಂದು ಬಿಲ್ಡ್, ಫೈಲ್ ಬರೆದು ಒಂದು ಬಿಲ್ಡ್, ಅಲಾರಂ ಸೇರಿಸಿ ಇನ್ನೊಂದು. ಯಾವುದು ಸೇರಿದಾಗ ಮುರಿಯಿತೋ ರೋಗ ಅಲ್ಲೇ.

ಪ್ರತಿ ಸಲ ಕಾರ್ಕಳಕ್ಕೆ ಹೋಗಲಿಲ್ಲ ಬಿಡಿ. ಐದು ಸಾವಿರದ ಆಸುಪಾಸಿಗೆ ಒಂದು ಸೆಕೆಂಡ್ ಹ್ಯಾಂಡ್ ಪಿಸಿ ತಂದು ಅದಕ್ಕೂ ವಿಂಡೋಸ್ 7 ಹಾಕಿ, ಡಿಸ್ಕಿನ ಇಮೇಜ್ ತೆಗೆದಿಟ್ಟೆ. ಪ್ರತಿ ಬಿಲ್ಡ್‌ಗೆ ಮೊದಲು ಇಮೇಜ್ ವಾಪಸ್ ಹಾಕಿ ಅದನ್ನು ಖಾಲಿ ಮಾಡುತ್ತಿದ್ದೆ. ವರ್ಚುವಲ್ ಬಾಕ್ಸ್‌ನಲ್ಲಿ ಸ್ನ್ಯಾಪ್‌ಶಾಟ್ ಇಟ್ಟುಕೊಂಡೂ ಮಾಡಬಹುದು, ಮಾಡಿ ನೋಡಿದ್ದೇನೆ. ಆದರೆ ಯುಎಸ್‌ಬಿ ಸೀರಿಯಲ್‌ನ ನಿಜವಾದ ತಕರಾರು ಅದರಲ್ಲಿ ಗೊತ್ತಾಗುವುದಿಲ್ಲ. ನನ್ನ ಕೈಯಲ್ಲಿ ಲ್ಯಾಬ್‌ವ್ಯೂ 2017 ಇದೆ, ಫುಲ್ ಆವೃತ್ತಿ. ಅಪ್ಲಿಕೇಶನ್ ಬಿಲ್ಡರ್ ಬೇರೆಯಾಗಿ ಕೊಂಡದ್ದು, ಲಕ್ಷದ ಆಚೀಚೆ ಬಿದ್ದ ನೆನಪು. ಅದು ನೋವಾದ ಖರ್ಚು, ಆದರೆ ಆ ಒಂದು ಆರ್ಡರ್‌ನಿಂದ ಅರ್ಧ ಹತ್ತಿರ ವಾಪಸ್ ಬಂತು. 2021 ಮತ್ತು ಅದರ ನಂತರದ ಆವೃತ್ತಿಗಳಿಗೆ ವಿಂಡೋಸ್ 7 ಆಗುವುದಿಲ್ಲ, ಆದ್ದರಿಂದ ಹಳೆ ಪಿಸಿಗಳ ಗಿರಾಕಿ ಇರುವವರು ಹಳೆ ಆವೃತ್ತಿಯನ್ನು ತೆಗೆದು ಬಿಸಾಡಬೇಡಿ. ವಿಂಡೋಸ್ 7ಕ್ಕೆ ಎಸ್‌ಎಚ್‌ಎ 2 ಸಹಿಯ ಅಪ್‌ಡೇಟ್ ಹಾಕದೆ ಡ್ರೈವರ್ ಹಾಕಲು ಹೊರಟರೆ ಅದೂ ಒಂದು ದಿನ ತಿನ್ನುತ್ತದೆ.

ಈಗ ಎಲ್ಲರೂ ಬೀಳುವ ಗುಂಡಿಗೆ ಬರುತ್ತೇನೆ, ಪಾತ್, ಅಂದರೆ ಫೈಲಿನ ವಿಳಾಸ. ಹಳೆಯ ಪ್ರಾಜೆಕ್ಟಿನಲ್ಲಿ ಕರೆಂಟ್ ವಿಐ ಪಾತ್ ತೆಗೆದುಕೊಂಡು ಒಂದು ಸ್ಟ್ರಿಪ್ ಪಾತ್ (ವಿಳಾಸದ ಕೊನೆಯ ತುಂಡು ಕತ್ತರಿಸುವುದು) ಹಾಕಿ, ಪಕ್ಕದ ಸೆಟ್ಟಿಂಗ್ ಫೈಲ್ ಓದಿಸಿದ್ದರು. ಡೆವಲಪ್‌ಮೆಂಟ್‌ನಲ್ಲಿ ಅದು ಸರಿಯೇ. ಇಎಕ್ಸ್‌ಇ ಆದ ಮೇಲೆ ಅದೇ ಪಾತ್ 'ಸಿ:\ಬೋರ್ಮಾ\ಬೋರ್ಮಾ.ಇಎಕ್ಸ್‌ಇ\ಮೇನ್.ವಿಐ' ಎಂದಾಗುತ್ತದೆ. ಒಂದು ಸಲ ಸ್ಟ್ರಿಪ್ ಮಾಡಿದರೆ ಉಳಿಯುವುದು ಇಎಕ್ಸ್‌ಇ, ಫೋಲ್ಡರ್ ಅಲ್ಲ. ಇಎಕ್ಸ್‌ಇ ಹೊಟ್ಟೆಯೊಳಗೆ ಸೆಟ್ಟಿಂಗ್ ಫೈಲ್ ಹುಡುಕಿದರೆ ಫೈಲ್ ಸಿಗಲಿಲ್ಲ ಎನ್ನುವ ಎರರ್ 7 ಬರದೆ ಇನ್ನೇನು ಬರುತ್ತದೆ? 2009ರಿಂದ ಈಚೆಗೆ ಇಎಕ್ಸ್‌ಇ ಒಳಗೆ ಫೋಲ್ಡರ್ ರಚನೆಯನ್ನೂ ಉಳಿಸುವುದರಿಂದ, ಎರಡು ಸಲ ಸ್ಟ್ರಿಪ್ ಮಾಡಿದರೆ ಆಯಿತು ಅಂತಲೂ ಇಲ್ಲ, ಸಬ್‌ವಿಐ ಎಷ್ಟು ಆಳದಲ್ಲಿದೆಯೋ ಅಷ್ಟು. ಅಪ್ಲಿಕೇಶನ್ ಡೈರೆಕ್ಟರಿ ವಿಐ ಹಾಕಿ. ಪ್ರಾಜೆಕ್ಟ್ ತೆರೆದಾಗ ಅದು ಪ್ರಾಜೆಕ್ಟ್ ಫೈಲಿನ ಫೋಲ್ಡರ್ ಕೊಡುತ್ತದೆ, ಇಎಕ್ಸ್‌ಇ ಓಡುವಾಗ ಇಎಕ್ಸ್‌ಇಯ ಫೋಲ್ಡರ್. ಇನ್ನು ಬರೆಯುವ ಫೈಲುಗಳನ್ನು ಪ್ರೋಗ್ರಾಂ ಫೈಲ್ಸ್‌ನಲ್ಲಿ ಇಟ್ಟರೆ ಅನುಮತಿ ಇಲ್ಲವೆಂದು ಎರರ್ 8. ಲಾಗ್ ಎಲ್ಲ ಪ್ರೋಗ್ರಾಂ ಡೇಟಾಕ್ಕೆ ಹೋಗಲಿ.

ಅಲಾರಂ ಕಿಟಕಿಯದು ಬೇರೆ ಕಥೆ. ಅದನ್ನು ಓಪನ್ ವಿಐ ರೆಫರೆನ್ಸ್‌ನಿಂದ ಓಡುತ್ತಿರುವಾಗಲೇ ಕರೆಯುವುದರಿಂದ ಬಿಲ್ಡರ್‌ಗೆ ಅದು ಬೇಕೆಂದು ತಿಳಿಯುವ ದಾರಿ ಇಲ್ಲ. ಸೋರ್ಸ್ ಫೈಲ್ಸ್ ಪುಟದಲ್ಲಿ ಅದನ್ನು ಆಲ್ವೇಸ್ ಇನ್‌ಕ್ಲೂಡೆಡ್‌ಗೆ ಹಾಕಬೇಕು. ನಾನು ಸ್ಟ್ಯಾಟಿಕ್ ವಿಐ ರೆಫರೆನ್ಸ್ ಹಾಕಿ ಮುಗಿಸಿದೆ, ಆಗ ಅದು ತಾನಾಗಿ ಡಿಪೆಂಡೆನ್ಸಿಯಲ್ಲಿ ಸೇರುತ್ತದೆ. ಬಿಲ್ಡ್ ಮಾಡುವಾಗಲೇ ಎರರ್ 1502 ಬಂದು ನಿಂತರೆ ಮೊದಲು ಕಂಪೈಲ್ಡ್ ಆಬ್ಜೆಕ್ಟ್ ಕ್ಯಾಶ್ ಖಾಲಿ ಮಾಡಿ, ಮಾಸ್ ಕಂಪೈಲ್ ಮಾಡಿ. ಆಗಲಿಲ್ಲವೇ, ಪ್ರಾಜೆಕ್ಟನ್ನು 'ಡಿ:\ಪಿ' ಥರದ ಚಿಕ್ಕ ಹೆಸರಿನ ಫೋಲ್ಡರಿಗೆ ಎತ್ತಿ ಹಾಕಿ. ಡೆಸ್ಕ್‌ಟಾಪ್‌ನ ಒಳಗೊಳಗೆ ಉದ್ದುದ್ದ ಹೆಸರಿನ ಫೋಲ್ಡರ್ ಇದ್ದರೆ ವಿಂಡೋಸ್‌ನ 260 ಅಕ್ಷರದ ಮಿತಿ ದಾಟುತ್ತದೆ, ಬಿಲ್ಡರ್ ಹೇಳುವುದು ಬೇರೇನೋ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ರಾತ್ರಿ ಪಾಳಿ. ಸಂಜೆ ಸರಿಯಾಗಿ ಓಡುತ್ತಿದ್ದುದು ಬೆಳಿಗ್ಗೆ ನೋಡಿದರೆ ನಡುರಾತ್ರಿಯಿಂದ ಒಂದು ಸಾಲೂ ಬರೆದಿರುವುದಿಲ್ಲ. ಬೋರ್ಮಾ ನೋಡುವ ಹುಡುಗನನ್ನು ಕೇಳಿದರೆ, "ಎಂತದೋ ಚೌಕ ಬಂದಿತ್ತು ಸಾರ್, ನಾನು ಓಕೆ ಒತ್ತಿದೆ, ಮತ್ತೆ ಸರಿ ಆಯ್ತು" ಅಂದ. ಆ ಮಾತೇ ಸುಳಿವು ಕೊಟ್ಟಿತು. ಸಿಂಪಲ್ ಎರರ್ ಹ್ಯಾಂಡ್ಲರ್‌ನ ಡೈಲಾಗ್ ಅದು. ಯಾರಾದರೂ ಓಕೆ ಒತ್ತುವವರೆಗೆ ಲೂಪ್ ಅಲ್ಲೇ ನಿಲ್ಲುತ್ತದೆ. ಅದನ್ನು ಕಿತ್ತು ಅದರ ಜಾಗದಲ್ಲಿ ನನ್ನದೇ ಒಂದು ಸಬ್‌ವಿಐ ಇಟ್ಟೆ. ಎರರ್ ಬಂದರೆ ಅದು ಸಮಯ, ಕೋಡ್, ಕಾಲ್ ಚೈನ್‌ನಲ್ಲಿರುವ (ಒಂದನ್ನೊಂದು ಕರೆದ) ವಿಐಗಳ ಹೆಸರು, ಇಷ್ಟನ್ನು ಒಂದು ಸಾಲಾಗಿ ಫೈಲಿಗೆ ಬರೆದು ಮುಂದೆ ಹೋಗುತ್ತದೆ.

ಮರುದಿನದ ಫೈಲ್ ತೆರೆದಾಗ ಎಲ್ಲ ಬಯಲಾಯಿತು. ಮೊದಲು -1073807339 ಸಾಲುಸಾಲಾಗಿ, ಅಂದರೆ ಟೈಮ್‌ಔಟ್, ಅದೂ ಬ್ಲೋವರ್ ಚಾಲೂ ಆದ ಸಮಯಕ್ಕೇ. ಕೇಬಲ್ ಬ್ಲೋವರಿನ ಡ್ರೈವ್ ಪಕ್ಕದಲ್ಲೇ ಒಂದೇ ಟ್ರೇಯಲ್ಲಿ ಓಡಿತ್ತು. ಅದನ್ನು ಬೇರೆ ಪೈಪಿಗೆ ಹಾಕಿ, ಶೀಲ್ಡ್ ಒಂದು ತುದಿಯಲ್ಲಿ ಮಾತ್ರ ಅರ್ತ್ ಮಾಡಿ, ಎರಡೂ ತುದಿಗೆ 120 ಓಮ್ ಹಾಕಿದ ಮೇಲೆ ಆ ಕಾಟ ತೊಲಗಿತು. ಎರಡನೆಯದು -1073807343, ಸಾಧನವೇ ಇಲ್ಲ ಅನ್ನುವುದು. ಕರೆಂಟ್ ಹೋಗಿ ಬಂದಾಗ, ಅಥವಾ ಗುಡಿಸುವವರು ಯುಎಸ್‌ಬಿ ಕಿತ್ತು ಬೇರೆ ಕಿಂಡಿಗೆ ಚುಚ್ಚಿದಾಗ ಪೋರ್ಟಿನ ಹೆಸರು ಕಾಮ್ 4 ಇದ್ದುದು ಕಾಮ್ 7 ಆಗುತ್ತಿತ್ತು. ಯುಎಸ್‌ಬಿಯನ್ನು 485ಕ್ಕೆ ಜೋಡಿಸುವ ಇನ್ನೂರೈವತ್ತು ರೂಪಾಯಿಯ ಕನ್ವರ್ಟರ್‌ಗಳಿಗೆ ಸೀರಿಯಲ್ ನಂಬರೇ ಇರುವುದಿಲ್ಲ, ಕಿಂಡಿ ಬದಲಾದರೆ ವಿಂಡೋಸ್‌ಗೆ ಅದು ಹೊಸ ಸಾಧನ. ಎಫ್‌ಟಿಡಿಐ ಕಂಪನಿಯ ಚಿಪ್ಪಿನದು, ಐಸೊಲೇಶನ್ ಇರುವುದು, ಎರಡು ಸಾವಿರದ ಮೇಲಾಯಿತು, ಆದರೆ ಪೋರ್ಟಿನ ಹೆಸರು ಅಲ್ಲಿಂದ ಅಲುಗಲಿಲ್ಲ. ಪವರ್ ಆಪ್ಶನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡುವುದನ್ನು ಮರೆಯಬೇಡಿ.

ಅಷ್ಟಾದರೂ ಪೋರ್ಟ್ ಬಿದ್ದುಹೋದರೆ ಮತ್ತೆ ತಾನೇ ಎದ್ದು ಸರಿಯಾದ ಕಂಟ್ರೋಲರ್ ಹುಡುಕಿಕೊಳ್ಳುವ ಒಂದು ಸ್ಟೇಟ್ ನನ್ನ ಪ್ರೋಗ್ರಾಂನಲ್ಲಿದೆ. ಅದನ್ನು ಮಾತ್ರ ಇಲ್ಲಿ ಬಿಡಿಸಿ ಹೇಳುವುದಿಲ್ಲ, ನನ್ನ ಅನ್ನ ಅದರಲ್ಲಿದೆ. ವೀಸಾ ಕ್ಲೋಸ್ ಮಾಡಿ ಓಪನ್ ಮಾಡುವುದಷ್ಟೇ ಸಾಲದು ಎಂಬ ಸುಳಿವು ಕೊಡಬಲ್ಲೆ.

ಲಾಗ್ ಫೈಲನ್ನು ತೆರೆದೇ ಇಡಬೇಡಿ. ನಿಮಿಷಕ್ಕೊಮ್ಮೆ ತೆರೆದು, ಕೊನೆಗೆ ಸಾಲು ಸೇರಿಸಿ, ಮುಚ್ಚಿ. ಜೂನ್ ತಿಂಗಳಲ್ಲಿ ಗುಡುಗಿಗೆ ಕರೆಂಟ್ ಹೋದರೂ ಕಳೆಯುವುದು ಒಂದು ಸಾಲು. ಯುಪಿಎಸ್ ಇತ್ತು, ಆದರೆ ಅದರ ಬ್ಯಾಟರಿ ಮೇಲೆ ನನಗೆ ನಂಬಿಕೆ ಇಲ್ಲ. ಬಯೋಸ್‌ನಲ್ಲಿ ಕರೆಂಟ್ ಬಂದಾಗ ತಾನೇ ಆನ್ ಆಗುವ ಹಾಗೆ ಮಾಡಿ, ಇಎಕ್ಸ್‌ಇಯನ್ನು ಸ್ಟಾರ್ಟಪ್‌ಗೆ ಹಾಕಿದ್ದೇನೆ.

ಕನ್ನಡದ್ದೂ ಒಂದು ಪ್ರಯೋಗ ಮಾಡಿದೆ. ಬೋರ್ಮಾ ನೋಡುವವರಿಗೆ ಇಂಗ್ಲಿಷ್ ಲೇಬಲ್ ಯಾಕೆ? ಲ್ಯಾಬ್‌ವ್ಯೂ 2017ರಲ್ಲಿ ಯೂನಿಕೋಡ್‌ಗೆ (ಕನ್ನಡದಂಥ ಲಿಪಿಗಳ ಅಕ್ಷರ ಸಂಕೇತಕ್ಕೆ) ಅಧಿಕೃತ ಬೆಂಬಲ ಇಲ್ಲ. ಐಎನ್‌ಐ ಫೈಲಿನಲ್ಲಿ ಯೂಸ್ ಯೂನಿಕೋಡ್ ಎಂಬ ಒಂದು ಗುಪ್ತ ಸಾಲು ಹಾಕಿದರೆ ಅಷ್ಟಿಷ್ಟು ಬರುತ್ತದೆ, ಆದರೆ ಗಿರಾಕಿಯ ಯಂತ್ರದಲ್ಲಿ ಅದನ್ನು ನಂಬಿ ನಿಲ್ಲುವ ಧೈರ್ಯ ನನಗೆ ಬರಲಿಲ್ಲ. ಕೊನೆಗೆ 'ಬಿಸಿ ಹೆಚ್ಚು', 'ಸರಿ ಉಂಟು', 'ಸೆನ್ಸರ್ ಕಡಿದಿದೆ' ಎಂದು ದೊಡ್ಡ ಅಕ್ಷರದಲ್ಲಿ ಚಿತ್ರ ಮಾಡಿ ಸ್ಥಿತಿಗೆ ತಕ್ಕ ಚಿತ್ರ ತೋರಿಸುವ ಪಿಕ್ಟ್ ರಿಂಗ್‌ನಲ್ಲಿ ಕೂರಿಸಿದೆ. ಫಾಂಟಿನ ಗೊಡವೆಯೇ ಇಲ್ಲ. ಪಾಳಿ ಬದಲಾಗುವಾಗ ಹೆಂಗಸರು ದೂರದಿಂದಲೇ ಓದಿ ಹೇಳುವುದನ್ನು ನೋಡಿ ನನಗೆ ಆದ ಖುಷಿ ಬಿಲ್ಲು ಪಾಸಾದಾಗಲೂ ಆಗಿರಲಿಲ್ಲ. ಪ್ಯಾನೆಲ್ಲನ್ನು 1024×768ಕ್ಕೆ ಕಟ್ಟಿ, ಅಪ್ಲಿಕೇಶನ್ ಫಾಂಟ್ ಬದಲು ಟಾಹೋಮಾ ಎಂದು ನಿಗದಿ ಮಾಡಿದ್ದರಿಂದ ಚೌಕ ಮಾನಿಟರಿನಲ್ಲೂ ಬಟನ್ ಹೊರಗೆ ಹೋಗಲಿಲ್ಲ.

ಮನೆಯಲ್ಲಿ 2020ರ ಕಮ್ಯುನಿಟಿ ಆವೃತ್ತಿ ಹಾಕಿ, ಲಿಂಕ್ಸ್ ಎಂಬ ಆಡ್-ಆನ್ ಮೂಲಕ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಇದೇ ಲಾಗರ್ ಇಳಿಸಿ ಬಾವಿಯ ನೀರಿನ ಮಟ್ಟ ಅಳೆದೆ. ಸ್ಟಾರ್ಟಪ್ ಅಪ್ಲಿಕೇಶನ್ ಆಗಿ ಸಲೀಸಾಗಿ ಓಡಿತು. ಆದರೆ ಅಲ್ಟ್ರಾಸಾನಿಕ್ ಸೆನ್ಸರ್ ನಮ್ಮ ಮಳೆಗಾಲದ ತೇವಕ್ಕೆ ಬಾಯಿಗೆ ಬಂದ ಲೆಕ್ಕ ಹೇಳತೊಡಗಿದಾಗ ಬಿಟ್ಟೆ. ಆ ಆವೃತ್ತಿ ವ್ಯಾಪಾರದ ಕೆಲಸಕ್ಕೆ ಇಲ್ಲ, ಆದ್ದರಿಂದ ಗಿರಾಕಿಗೆ ಅದರಲ್ಲಿ ಮಾಡಿಕೊಡಲು ಹೋಗಬೇಡಿ.

ಲೆಕ್ಕ ಹೇಳುವುದಾದರೆ ನಲವತ್ತೈದರಲ್ಲಿ ಕನ್ವರ್ಟರ್, ಕೇಬಲ್, ಹೂಟರ್, ಓಡಾಟ ಎಲ್ಲ ಸೇರಿ ಹನ್ನೆರಡು ಹದಿಮೂರು ಸಾವಿರ ಹೋಗಿರಬಹುದು. ವರ್ಷಕ್ಕೆ ಆರು ಸಾವಿರದ ಎಎಂಸಿ (ನಿರ್ವಹಣೆಯ ಗುತ್ತಿಗೆ) ಒಪ್ಪಿದ್ದಾರೆ. ಧಣಿಗಳು ಆಗಲೇ ಹೊಸ ಪಿಸಿಯ ಮಾತೆತ್ತಿದ್ದಾರೆ. 2017ರಿಂದ ಬಿಲ್ಡ್ ಸ್ಪೆಸಿಫಿಕೇಶನ್‌ನಲ್ಲಿ ಮುಂದಿನ ರನ್‌ಟೈಮ್‌ಗಳಲ್ಲೂ ಓಡಲು ಬಿಡುವ ಆಯ್ಕೆ ಇದೆ, ಅದನ್ನು ಟಿಕ್ ಮಾಡಿಟ್ಟಿದ್ದೇನೆ. ಇಎಕ್ಸ್‌ಇ ನಾಲ್ಕೈದು ಎಂಬಿ, ವೀಸಾ ಸೇರಿ ಇನ್‌ಸ್ಟಾಲರ್ ಆರೇಳುನೂರು ಎಂಬಿ. ಅದರ ಒಂದು ಪೆನ್ ಡ್ರೈವ್ ಅವರ ಆಫೀಸಿನ ಕಪಾಟಿನಲ್ಲಿ, ಇನ್ನೊಂದು ನನ್ನಲ್ಲಿ. ಎನೇಬಲ್ ಡೀಬಗ್ಗಿಂಗ್ ಇರುವ ಬಿಲ್ಡ್ ಒಂದನ್ನು ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ತಕರಾರು ಬಂದರೆ ಅದನ್ನು ಓಡಿಸಿ, ಲ್ಯಾಪ್‌ಟಾಪ್ ಒಯ್ದು ಅಲ್ಲಿನ ನೆಟ್‌ವರ್ಕಿಗೆ ಸಿಕ್ಕಿಸಿ, ಓಡುತ್ತಿರುವ ಇಎಕ್ಸ್‌ಇಯ ಡಯಾಗ್ರಾಂ ತೆರೆದು ಪ್ರೋಬ್ ಹಾಕಿ ನೋಡಬಹುದು. ಲ್ಯಾಪ್‌ಟಾಪ್‌ನಲ್ಲಿ ಅದೇ 2017 ಇರಬೇಕು, ಅಷ್ಟೇ.