ಮೊದಲು ಕೂಗು, ಆಮೇಲೆ ಪನೀರ್

ನಮ್ಮ ನಾಯಿ ಚುಕ್ಕಿ ಬೀದಿಯಿಂದ ಬಂದವಳು. ಒಂದು ಮಳೆಗಾಲದ ಸಂಜೆ ನೆನೆದು ಗೇಟಿನ ಪಕ್ಕ ಕೂತಿದ್ದಳು, ಒಳಗೆ ಕರೆದೆವು, ಅಷ್ಟೇ. ಮನೆಗೆ ಬೇಗ ಹೊಂದಿಕೊಂಡಳು. ಆದರೆ ಕುಕ್ಕರ್ ಕೂಗಿದರೆ ಮಾತ್ರ ಬಾಲ ಕಾಲಸಂದಿಗೆ, ಮೈ ಮಂಚದ ಕೆಳಗೆ. ಬೇಳೆ ಮೂರು ಕೂಗಿಗೆ ಬೆಂದರೂ ಅವಳು ಹೊರಗೆ ಬರಲು ಅರ್ಧ ಗಂಟೆ ಬೇಕು. ಕೊನೆಕೊನೆಗೆ ಅಮ್ಮ ಕುಕ್ಕರಿನ ಮುಚ್ಚಳ ಕೈಗೆತ್ತಿಕೊಂಡರೂ ನಡುಕ ಶುರುವಾಗುತ್ತಿತ್ತು.

ಆ ಮುಚ್ಚಳ ನೋಡಿಯೇ ನನಗೆ ರಷ್ಯದ ಶರೀರಶಾಸ್ತ್ರಜ್ಞ ಪಾವ್ಲೋವ್ ನೆನಪಾದದ್ದು. ಒಂದರ ಹಿಂದೆ ಇನ್ನೊಂದು ಬರುತ್ತದೆ ಎಂದು ಪ್ರಾಣಿ ಕಲಿಯುವುದನ್ನು ಬಿ.ಎಡ್. ಓದುವಾಗ 'ಅನುಬಂಧನ' ಅಂತ ಪರೀಕ್ಷೆಗೆ ಉರು ಹೊಡೆದಿದ್ದೆ. ಆತ ಮನಶ್ಶಾಸ್ತ್ರದವನೇ ಅಲ್ಲ. 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ಊಟ ಬಾಯಿಗೆ ಬೀಳುವ ಮೊದಲೇ ನಾಯಿಗಳು ಜೊಲ್ಲು ಸುರಿಸುವುದನ್ನು ಕಂಡು ಅದರ ಬೆನ್ನು ಹತ್ತಿದ. ನಮ್ಮ ಮನೆಯಲ್ಲಿ ಆಗಿದ್ದೂ ಅದೇ, ಜೊಲ್ಲಿನ ಬದಲು ಭಯ. ಮುಚ್ಚಳ ಸದ್ದು ಮಾಡುವುದಿಲ್ಲ. ಅದರ ಹಿಂದೆಯೇ ಸದ್ದು ಬರುತ್ತದೆ ಎಂದು ಚುಕ್ಕಿ ಕಲಿತುಬಿಟ್ಟಿದ್ದಳು.

ಕಲಿತದ್ದನ್ನು ತಿರುಗಿಸಬಹುದಲ್ವಾ? ಮೇರಿ ಕವರ್ ಜೋನ್ಸ್ ಎಂಬಾಕೆ 1924ರಲ್ಲಿ ಬರೆದ ಒಂದು ಪ್ರಕರಣ ಇದೆ. ಮೊಲ ಕಂಡರೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನಿಗೆ ಇಷ್ಟದ ತಿಂಡಿ ಕೊಡುತ್ತಾ, ಮೊಲವನ್ನು ದೂರದಿಂದ ಸ್ವಲ್ಪಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಅವನೇ ಮೊಲವನ್ನು ಮುದ್ದಿಸಿದ. ನಾನೂ ಅದನ್ನೇ ಮಾಡಲು ಹೊರಟೆ.

ಹೊರಟು ಮೊದಲ ವಾರವೇ ಕೆಡಿಸಿದೆ. ಕುಕ್ಕರ್ ಇನ್ನೇನು ಕೂಗುತ್ತದೆ ಎನ್ನುವಾಗ ಡಬ್ಬಿ ತೆಗೆದು ಬಿಸ್ಕತ್ತು ಕೊಡುತ್ತಿದ್ದೆ. ತಿನ್ನುತ್ತಾ ಇದ್ದರೆ ಹೆದರಿಕೆ ಮರೆತೀತು ಎಂಬ ಲೆಕ್ಕ. ಐದಾರು ದಿನಕ್ಕೆ ಏನಾಯಿತು ಗೊತ್ತಾ? ಬಿಸ್ಕತ್ತಿನ ಡಬ್ಬಿ ಸದ್ದಾದರೆ ಚುಕ್ಕಿ ಮಂಚದ ಕೆಳಗೆ! ಬಿಸ್ಕತ್ತು ಬಂತೆಂದರೆ ಕೂಗು ಬಂತು ಎಂದು ಅವಳು ಸರಿಯಾಗಿಯೇ ಕಲಿತಿದ್ದಳು. ಹಿಂದುಮುಂದು ಮಾಡಿ ಕಲಿಸಿದವನು ನಾನು. ಪುಸ್ತಕದಲ್ಲಿ ಈ ಕ್ರಮದ ಮಾತು ಎರಡೇ ಸಾಲು. ನಮ್ಮ ಮನೆಯಲ್ಲಿ ಎಲ್ಲವೂ ಅದರ ಮೇಲೇ ನಿಂತಿತ್ತು.

ಮತ್ತೆ ಶುರು ಮಾಡಿದೆ. ಬಿಸ್ಕತ್ತು ಬಿಟ್ಟು ಪನೀರ್ ಹಿಡಿದೆ, ಕಡಲೆಕಾಳಿನಷ್ಟು ತುಂಡು. (ಕೋಳಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿತ್ತೇನೋ, ಅಮ್ಮನ ಅಡುಗೆಮನೆಯಲ್ಲಿ ಅದು ಆಗದ ಮಾತು.) ಕುಕ್ಕರ್ ಕೂಗನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ನನಗೇ ಕಿವಿಗೊಟ್ಟು ಕೇಳಬೇಕು, ಅಷ್ಟು ಸಣ್ಣಗೆ ಹಾಕುವುದು. ಕೂಗು ಶುರುವಾದ ಮೇಲೆ, ಒಂದೆರಡು ಸೆಕೆಂಡಿನೊಳಗೆ, ಪನೀರ್. ಕೂಗು ನಿಂತರೆ ಪನೀರೂ ಇಲ್ಲ. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಅಷ್ಟು ದಿನ ನಿಜವಾದ ಕುಕ್ಕರ್ ಇಡುವಾಗ ಹೆಂಡತಿ ಅವಳನ್ನು ಹೊರಗೆ ಸುತ್ತಾಡಿಸಿಕೊಂಡು ಬರುತ್ತಿದ್ದಳು.

ಒಂಬತ್ತನೇ ದಿನವೋ ಏನೋ, ಕೂಗು ಕೇಳಿದ ಕೂಡಲೇ ಚುಕ್ಕಿ ಬಾಗಿಲ ಕಡೆ ನೋಡದೆ ನನ್ನ ಕೈ ನೋಡಿದಳು. ಆ ನೋಟಕ್ಕೇ ನಾನು ಕಾಯುತ್ತಿದ್ದದ್ದು. ಅದು ಬಂದ ಮೇಲಷ್ಟೇ ಸದ್ದು ಒಂದು ಗೆರೆ ಏರಿಸುವುದು. ಒಮ್ಮೆ ಆಸೆಬಿದ್ದು ಒಂದೇ ದಿನ ನಾಲ್ಕು ಗೆರೆ ಏರಿಸಿದೆ. ಮತ್ತೆ ಮಂಚದ ಕೆಳಗೆ, ಮತ್ತೆ ಮೊದಲಿಂದ. ನಿಜವಾದ ಕುಕ್ಕರ್ ಮುಂದೆ ತರುವಷ್ಟರಲ್ಲಿ ಎರಡು ತಿಂಗಳು ಹಿಡಿಯಿತು.

ಹೆದರಿದಾಗ ಮುದ್ದು ಮಾಡಬೇಡಿ, ಹೆದರಿಕೆಗೆ ಬಹುಮಾನ ಕೊಟ್ಟಂತಾಗುತ್ತದೆ ಎಂದವರಿದ್ದರು. ನಾನು ಒಪ್ಪಲಿಲ್ಲ. ಕೂಲಿ ಸಿಗುತ್ತದೆ ಎಂದು ಯಾರಾದರೂ ನಡುಗುತ್ತಾರಾ? ಬಹುಮಾನಕ್ಕೆ ಜಾಸ್ತಿಯಾಗುವುದು ಬೇಕೆಂದು ಮಾಡುವ ಕೆಲಸ.

ಅಂಥದ್ದೂ ಮನೆಯಲ್ಲೇ ಒಂದಿತ್ತು. ನಾವು ಊಟಕ್ಕೆ ಕೂತರೆ ಚುಕ್ಕಿಯ ಬೊಗಳಾಟ. ನಾನು ಏನೂ ಕೊಡುತ್ತಿರಲಿಲ್ಲ. ಅಮ್ಮ ಮಾತ್ರ, 'ಪಾಪ ಕಣೋ, ಬಾಯಿಲ್ಲದ ಪ್ರಾಣಿ' ಎಂದು ಯಾವಾಗಲೋ ಒಮ್ಮೆ ದೋಸೆ ತುಂಡು ಎಸೆಯುತ್ತಿದ್ದರು. ಈ 'ಯಾವಾಗಲೋ ಒಮ್ಮೆ' ಇದೆಯಲ್ಲ, ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪಾರಿವಾಳಗಳಲ್ಲಿ ತೋರಿಸಿದ್ದು ಅದನ್ನೇ. ಪ್ರತಿ ಸಲ ಕಾಳು ಸಿಕ್ಕಿ ಆಮೇಲೆ ನಿಂತರೆ ಹಕ್ಕಿ ಬೇಗ ಕೈಬಿಡುತ್ತದೆ. ಆಗೊಮ್ಮೆ ಈಗೊಮ್ಮೆ ಸಿಕ್ಕಿದ್ದರೆ ಕುಕ್ಕುತ್ತಲೇ ಇರುತ್ತದೆ. ಪೂರ್ತಿ ನಿಲ್ಲಿಸೋಣ ಎಂದು ಅಮ್ಮನನ್ನು ಒಪ್ಪಿಸಿದೆ. ಮೂರನೇ ದಿನ ಬೊಗಳು ಕಡಿಮೆಯಾಗಲಿಲ್ಲ, ಕಿವಿ ಹರಿಯುವಷ್ಟು ಜೋರಾಯಿತು. ಬಹುಮಾನ ನಿಂತಾಗ ಮೊದಲು ಹೀಗಾಗುವುದುಂಟು ಎಂದು ನಾನು ವಿವರಿಸುವಷ್ಟರಲ್ಲಿ ಅಮ್ಮ ಇಡೀ ದೋಸೆಯನ್ನೇ ಹಾಕಿದರು. ಇನ್ನೂ ಜೋರಾಗಿ ಬೊಗಳಿದರೆ ಇನ್ನೂ ದೊಡ್ಡ ದೋಸೆ ಎಂಬ ಪಾಠವೂ ಆಯಿತು.

ಆಮೇಲೆ ನಾನು ಅಮ್ಮನನ್ನು ತಡೆಯುವುದನ್ನೇ ಬಿಟ್ಟೆ. ಕೊಡಿ, ಆದರೆ ಚುಕ್ಕಿ ಮೂಲೆಯ ಗೋಣಿಚೀಲದ ಮೇಲೆ ಸುಮ್ನೆ ಮಲಗಿದ್ದಾಗ ಕೊಡಿ ಎಂದೆ. ಅಮ್ಮನಿಗೂ ಖುಷಿ, ಚುಕ್ಕಿಗೂ ಖುಷಿ. ಬೊಗಳಾಟ ಮುಕ್ಕಾಲು ಪಾಲು ನಿಂತಿದೆ. ನೆಂಟರು ಬಂದ ದಿನ ಮಾತ್ರ ಅವರ ಹತ್ತಿರ ಒಂದು ಸಲ ಪ್ರಯತ್ನಿಸಿ ನೋಡುತ್ತಾಳೆ.

ಕುಕ್ಕರ್ ಕೂಗಿದರೆ ಈಗ ಅಡುಗೆಮನೆ ಹೊಸ್ತಿಲಲ್ಲಿ ಹಾಜರು, ಜೊಲ್ಲು ನೆಲಕ್ಕೆ. ತೊಂದರೆ ಏನೆಂದರೆ ನಮ್ಮ ಕುಕ್ಕರ್, ಪಕ್ಕದ ಮನೆಯ ಕುಕ್ಕರ್ ಎಂಬ ಭೇದವನ್ನು ನಾನು ಕಲಿಸಿಲ್ಲ. ಪಕ್ಕದ ಮನೆಯಲ್ಲಿ ಬೆಳಿಗ್ಗೆ ಐದೂವರೆಗೇ ಅಡುಗೆ. ಮೊದಲ ಕೂಗಿಗೆ ಒದ್ದೆ ಮೂಗೊಂದು ನನ್ನ ಕೆನ್ನೆಗೆ ತಾಗುತ್ತದೆ. ನಾನೆದ್ದು ಫ್ರಿಜ್ಜಿನ ಕಡೆ ನಡೆಯುತ್ತೇನೆ.